ಕೆಂಪು ದೀಪದ ಕೆಳಗೆ ಕುಂಕುಮ ಕಾಣದು

ವಿರಹದ ಹಾಡಾದರೆ ನೀಲಿ, ಪ್ರೀತಿಯ ಹಾಡಾದರೆ ಕೆಂಪು, ಇಲ್ಲವೇ ಗುಲಾಬಿ. ಬೆಂಗಳೂರಿನಲ್ಲಿ ತಯಾರಾಗುವ ಆಲ್ಬಂ ಹಾಡುಗಳಲ್ಲಿ ಬಣ್ಣದ ಮಾತು ಬಹುತೇಕ ಇಷ್ಟಕ್ಕೇ ನಿಲ್ಲುತ್ತದೆ. ನಿರ್ದೇಶಕರು ಫೋನಿನಲ್ಲಿ ನಾಲ್ಕು ರೆಫರೆನ್ಸ್ ತೋರಿಸುತ್ತಾರೆ, ಲೈಟ್ ವಿಭಾಗದವರು ಎಲ್‌ಇಡಿ ಟ್ಯೂಬುಗಳನ್ನು ನೀಲಿಗೆ ತಿರುಗಿಸುತ್ತಾರೆ, ಮಿಕ್ಕದ್ದನ್ನು ಡಿಐನಲ್ಲಿ, ಅಂದರೆ ಶೂಟಿಂಗ್ ನಂತರ ಬಣ್ಣ ತಿದ್ದುವ ಹಂತದಲ್ಲಿ, ನೋಡಿಕೊಂಡರಾಯಿತು ಎಂದು ಶೂಟಿಂಗ್ ಮುಗಿಯುತ್ತದೆ. ಪರದೆಯ ತುಂಬ ನೀಲಿ ಇರುತ್ತದೆ. ಅದು ಯಾರ ದುಃಖ, ಎಲ್ಲಿಂದ ಬಂತು ಎಂಬುದು ನೋಡುವವರಿಗೆ ತಲುಪಿರುವುದಿಲ್ಲ.

ಭಾವಕ್ಕೊಂದು ಬಣ್ಣ ಎಂಬ ಲೆಕ್ಕ ನಮ್ಮಲ್ಲಿ ಹಳೆಯದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳಿಗೂ ಬಣ್ಣ ಹೇಳಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಈಗ ಎಲ್ಲೆಡೆ ಹಂಚಿಕೆಯಾಗುವ ಭಾವ-ಬಣ್ಣದ ಪಟ್ಟಿಗಳಿಗೂ ಇದಕ್ಕೂ ತಾಳೆಯೇ ಆಗುವುದಿಲ್ಲ. ಅಲ್ಲಿ ದುಃಖಕ್ಕೆ ಸಲ್ಲುವ ನೀಲಿ ಇಲ್ಲಿ ಜುಗುಪ್ಸೆಗೆ, ಅಲ್ಲಿ ಪ್ರೇಮಕ್ಕೆ ಸಲ್ಲುವ ಕೆಂಪು ಇಲ್ಲಿ ಸಿಟ್ಟಿಗೆ. ಅಷ್ಟು ದೂರ ಹೋಗುವುದೂ ಬೇಡ. ಬಿಳಿ ಪಂಚೆ ಮದುಮಗನಿಗೂ ಒಪ್ಪುತ್ತದೆ, ಸಾವಿನ ಮನೆಗೂ ಒಪ್ಪುತ್ತದೆ. ಕೆಂಪು ಸೀರೆ ಮದುಮಗಳದ್ದು ಎನ್ನುತ್ತೇವೆ. ಕೆಲವು ಬ್ರಾಹ್ಮಣ ಮನೆಗಳಲ್ಲಿ ಒಂದು ಕಾಲಕ್ಕೆ ತಲೆ ಬೋಳಿಸಿಕೊಂಡ ಮಡಿ ಹೆಂಗಸರು, ಅಂದರೆ ವಿಧವೆಯರು, ಉಡುತ್ತಿದ್ದದ್ದೂ ಕೆಂಪು ಸೀರೆಯನ್ನೇ. ಹಾಗಾಗಿ ಪಟ್ಟಿಯಿಂದ ಬಣ್ಣ ಆರಿಸಿದರೆ ಕೆಲಸ ಆಗುವುದಿಲ್ಲ. ಬಣ್ಣದ ಅರ್ಥವನ್ನು ಆ ನಾಲ್ಕು ನಿಮಿಷದೊಳಗೆ ಹಾಡೇ ಕಲಿಸಿಕೊಡಬೇಕು. ಮೊದಲ ನಿಮಿಷದಲ್ಲಿ ಒಂದು ಬಣ್ಣವನ್ನು ಒಬ್ಬ ವ್ಯಕ್ತಿಗೋ ಒಂದು ವಸ್ತುವಿಗೋ ಕಟ್ಟಿಹಾಕುವುದು, ನಡುವೆ ಅದನ್ನು ಪೂರ್ತಿ ತೆಗೆದುಬಿಡುವುದು, ಕೊನೆಗೊಮ್ಮೆ ಬೇರೆ ಜಾಗದಲ್ಲಿ ಮರಳಿಸುವುದು. ಇಷ್ಟೂ ಆದಾಗ ಮಾತ್ರ ಅದು ಸಂಕೇತವಾಗುತ್ತದೆ. ಆಗದಿದ್ದರೆ ಬರೀ ಅಲಂಕಾರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹುಡುಗಿ, ಊರಲ್ಲಿ ತಾಯಿ. ಬಣ್ಣ ಹಳದಿ. ಪಲ್ಲವಿಯಲ್ಲಿ ಹಳದಿ ಮೂರೇ ಕಡೆ: ಹೊಸಿಲಿಗೆ ಬಳಿದ ಅರಿಶಿನ, ತಾಯಿಯ ಬೆರಳು, ಬಾಗಿಲಿನ ಚೆಂಡು ಹೂವು. ಬೇರೆ ಯಾವುದೂ ಹಳದಿ ಇರಕೂಡದು, ಗೋಡೆ ಕೂಡ. ಮೊದಲ ಚರಣದಲ್ಲಿ ಪಿಜಿ ಕೋಣೆ, ಟ್ಯೂಬ್‌ಲೈಟು, ಬೂದುನೀಲಿ. ಹಳದಿಯ ಸುಳಿವೇ ಇಲ್ಲ. ಎರಡನೆಯ ಚರಣದ ಕೊನೆಯಲ್ಲಿ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಯ ಮುಂದೆ ಆಕೆ ನಿಲ್ಲುತ್ತಾಳೆ. ಅಲ್ಲಿ ತಾಯಿಯ ಮುಖವನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ತೋರಿಸಬೇಕಾಗಿಲ್ಲ. ಹೆಚ್ಚಿನವರು ತೋರಿಸಿಯೇ ಬಿಡುತ್ತಾರೆ, ಅದು ಬಣ್ಣ ಆಗಲೇ ಮಾಡಿಮುಗಿಸಿದ ಕೆಲಸವನ್ನು ಕೆಡಿಸುತ್ತದೆ.

ಈ ಯೋಜನೆ ಬೆಂಗಳೂರಿನ ಬೀದಿಯಲ್ಲಿ ಹಾಳಾಗುವುದು ಬಹಳ ಸುಲಭ. ಆಟೋದ ಮೇಲ್ಭಾಗ ಹಳದಿ, ಟ್ಯಾಕ್ಸಿಯ ನಂಬರ್ ಪ್ಲೇಟು ಹಳದಿ, ಜೆಸಿಬಿ ಹಳದಿ, ಕನ್ನಡ ಬಾವುಟದ ಮೇಲರ್ಧ ಹಳದಿ. ಲೊಕೇಶನ್ ನೋಡಲು ಹೋದಾಗ, ಶೂಟ್ ಮಾಡುವ ಹೊತ್ತಿಗೇ ಹೋಗಿ ಹತ್ತು ನಿಮಿಷ ಒಂದೇ ಫ್ರೇಮಿನಲ್ಲಿ ಕ್ಯಾಮೆರಾ ಓಡಿಸಿ, ನಿಷೇಧಿತ ಬಣ್ಣ ಎಷ್ಟು ಸಲ ಒಳನುಗ್ಗುತ್ತದೆ ನೋಡಬೇಕು. ಹೆಚ್ಚಾದರೆ ಲಾಂಗ್ ಲೆನ್ಸ್ ಹಾಕಿ ಫ್ರೇಮ್ ಕಿರಿದು ಮಾಡಬೇಕು, ಇಲ್ಲವೇ ಬಣ್ಣ ಬದಲಿಸಬೇಕು. ಕಬ್ಬನ್ ಪಾರ್ಕಿನ ಸುತ್ತ ಕೆಂಪನ್ನು ಸಂಕೇತವಾಗಿ ಇಡುವುದೂ ಇಷ್ಟೇ ಕಷ್ಟ. ಹೈಕೋರ್ಟೂ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೂ ಕೆಂಪು. ಮರಗಳ ಹೂವಿಗೆ ಹೊಂದಿಸಿ ಯೋಜಿಸುವವರು ಕ್ಯಾಲೆಂಡರ್ ನೋಡಲಿ. ಜಕರಾಂಡದ ನೇರಳೆ ಬೇಸಿಗೆಯ ಆರಂಭದಲ್ಲಿ, ಗುಲ್‌ಮೊಹರ್‌ನ ಕೆಂಪು ಏಪ್ರಿಲ್‌ನಿಂದಾಚೆ. ಪಲ್ಲವಿ ಒಂದು ತಿಂಗಳು, ಚರಣ ಇನ್ನೊಂದು ತಿಂಗಳು ಶೂಟ್ ಆದರೆ ಮರ ನಿಮಗಾಗಿ ಕಾಯುವುದಿಲ್ಲ.

ಬಣ್ಣದ ಬದಲಾವಣೆ ಎಲ್ಲಿ ಬೀಳಬೇಕು ಎಂಬುದನ್ನು ಸಂಗೀತ ನಿರ್ಧರಿಸುತ್ತದೆ. ಟೆಂಪೊ 96 ಬಿಪಿಎಂ, ಅಂದರೆ ನಿಮಿಷಕ್ಕೆ 96 ಬೀಟು, ನಾಲ್ಕು ಬೀಟು ಸೇರಿ ಒಂದು ಬಾರ್ ಎಂದುಕೊಳ್ಳಿ. ಒಂದು ಬೀಟಿಗೆ 0.625 ಸೆಕೆಂಡು, ಒಂದು ಬಾರ್‌ಗೆ 2.5 ಸೆಕೆಂಡು, ಎಂಟು ಬಾರ್‌ನ ಪಲ್ಲವಿಗೆ 20 ಸೆಕೆಂಡು. ನಾಲ್ಕು ನಿಮಿಷದ ಹಾಡಿನಲ್ಲಿ 96 ಬಾರ್. ಸಾಹಿತ್ಯವನ್ನು ದೊಡ್ಡ ಹಾಳೆಯಲ್ಲಿ ಬರೆದು, ಪ್ರತಿ ಎಂಟು ಬಾರ್‌ಗೊಂದು ಗೆರೆ ಎಳೆದು, ಪಕ್ಕದಲ್ಲಿ ಬಟ್ಟೆಯ ತುಂಡುಗಳನ್ನೇ ಅಂಟಿಸಿ. ಪ್ರಿಂಟರಿನ ಬಣ್ಣ ಬೇಡ, ಅದು ನಿಜವಾದ ಬಟ್ಟೆಗೆ ಎಂದೂ ಹೊಂದುವುದಿಲ್ಲ. ದೊಡ್ಡ ಬದಲಾವಣೆ ಬಾರ್‌ನ ಮೊದಲ ಬೀಟಿಗೇ ಬಿದ್ದರೆ ಕಣ್ಣು ಕಿವಿ ಎರಡೂ ಒಟ್ಟಿಗೆ ಒಪ್ಪಿಕೊಳ್ಳುತ್ತವೆ. ಅದನ್ನು ಎರಡು ಬಾರ್ ಮುಂಚೆಯೇ ತಂದರೆ ಕಳವಳ ಹುಟ್ಟುತ್ತದೆ, ಬೇಕೆಂದಾಗ ಇದನ್ನೂ ಬಳಸಿಕೊಳ್ಳಬಹುದು. ಅರ್ಧ ಬೀಟು ಆಚೀಚೆ ಆದರೆ ಮಾತ್ರ ಎಡಿಟಿಂಗ್ ತಪ್ಪಿನ ಹಾಗೆ ಕಾಣುತ್ತದೆ. ಇನ್ನು, ಒಂದು ಹಾಡಿನಲ್ಲಿ ಅರ್ಥ ಹೊರುವ ಬಣ್ಣ ಒಂದೇ ಇರಲಿ, ಹೆಚ್ಚೆಂದರೆ ಎರಡು. ಫ್ರೇಮಿನಲ್ಲಿ ಅದರ ಪಾಲು ಹತ್ತರಲ್ಲೊಂದು ಭಾಗ ಸಾಕು. ಸುತ್ತ ಬೂದು, ಕಂದು, ಮಾಸಿದ ಹಸಿರು ಇದ್ದಾಗ ಆ ಒಂದು ಭಾಗ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈಗ ದೀಪದ ವಿಷಯ. ಹೆಚ್ಚು ಹಾಡುಗಳು ಸೋಲುವುದು ಇಲ್ಲಿಯೇ. ಬಟ್ಟೆಗೆ ತನ್ನದೇ ಬಣ್ಣ ಇರುವುದಿಲ್ಲ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಯಾವ ಭಾಗವನ್ನು ಹಿಂದಕ್ಕೆ ಕಳಿಸುತ್ತದೋ ಅದೇ ಅದರ ಬಣ್ಣ. ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಆರ್‌ಜಿಬಿ ಟ್ಯೂಬನ್ನು ಪೂರ್ತಿ ಕೆಂಪಿಗೆ ಇಟ್ಟರೆ ಬೆಳಕಿನಲ್ಲಿ ಕೆಂಪು ಬಿಟ್ಟು ಬೇರೇನೂ ಇರುವುದಿಲ್ಲ. ಆಗ ಹಣೆಯ ಕುಂಕುಮ, ಲಿಪ್‌ಸ್ಟಿಕ್, ಚರ್ಮ ಮೂರೂ ಒಂದೇ ಹದಕ್ಕೆ ಬಂದು ಕುಂಕುಮ ಮಾಯವಾಗುತ್ತದೆ. ಹಸಿರು ಬಳೆ ಕಪ್ಪಾಗುತ್ತದೆ. ಬಿಳಿ ಸೀರೆಗೂ ಕೆಂಪು ಸೀರೆಗೂ ವ್ಯತ್ಯಾಸ ಉಳಿಯುವುದಿಲ್ಲ. ಪೂರ್ತಿ ನೀಲಿಯಲ್ಲಿ ಅರಿಶಿನ ನೀಲಿಯನ್ನೆಲ್ಲ ಹೀರಿಕೊಂಡು ಕೊಳಕು ಕಪ್ಪಾಗುತ್ತದೆ, ಕೆಂಪು ಅಂಚು ಮಸಿಯಾಗುತ್ತದೆ. ಬಹಳ ಯೋಚಿಸಿ ಆರಿಸಿದ ಸೀರೆಯನ್ನು ಒಂದು ಟ್ಯೂಬು ಅಳಿಸಿಹಾಕಿರುತ್ತದೆ, ಡಿಐನಲ್ಲಿ ಅದನ್ನು ಮರಳಿ ತರಲಾಗದು, ಏಕೆಂದರೆ ಆ ಮಾಹಿತಿ ಕ್ಯಾಮೆರಾದ ಸೆನ್ಸರಿಗೆ ಬಂದೇ ಇಲ್ಲ.

ಪರಿಹಾರ ದುಬಾರಿಯದಲ್ಲ. ಬಣ್ಣದ ದೀಪ ಹಿಂದಿನಿಂದಲೋ ಪಕ್ಕದಿಂದಲೋ ಬರಲಿ. ಮುಖಕ್ಕೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ಕ್ಕಿಂತ ಮೇಲಿನ ಬಿಳಿ ದೀಪವನ್ನು, ಬೆಳಕು ಮೆದುವಾಗಲು ಡಿಫ್ಯೂಶನ್ ಹಾಕಿ, ಸರಿಯಾದ ಎಕ್ಸ್‌ಪೋಶರಿಗಿಂತ ಒಂದೂವರೆ ಸ್ಟಾಪ್ ಕೆಳಗಿಡಿ; ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ. ದೃಶ್ಯ ಕೆಂಪಾಗಿಯೇ ಇರುತ್ತದೆ, ಕುಂಕುಮವೂ ಉಳಿಯುತ್ತದೆ. ಎರಡನೇ ದೀಪಕ್ಕೆ ಅವಕಾಶವೇ ಇಲ್ಲದಿದ್ದರೆ ಟ್ಯೂಬಿನ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆಯನ್ನು, 100ರಿಂದ 60ರ ಸುಮಾರಿಗೆ ಇಳಿಸಿ. ಇನ್ನೊಂದು ದಾರಿ ವೈಟ್ ಬ್ಯಾಲೆನ್ಸ್, ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂದು ಕ್ಯಾಮೆರಾಕ್ಕೆ ಹೇಳುವುದು. ಅದನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ದೀಪದ ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ಕ್ಯಾಮೆರಾವನ್ನು 4300 ಕೆಲ್ವಿನ್‌ಗೆ ಇಟ್ಟು ಮನೆಯೊಳಗೆ 3200ರ ದೀಪ, ಕಿಟಕಿಯಾಚೆ 5600ರ ದೀಪ ಹಾಕಿದರೆ ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ ಆಗುತ್ತದೆ. ಯಾವ ಬಣ್ಣದ ದೀಪವೂ ಇಲ್ಲದೆ ವಸ್ತುಗಳೆಲ್ಲ ತಮ್ಮ ಬಣ್ಣ ಉಳಿಸಿಕೊಳ್ಳುತ್ತವೆ. ಅಗಲಿಕೆಯ ಹಾಡಿಗೆ ಪೂರ್ತಿ ನೀಲಿಗಿಂತ ಇದು ಎಷ್ಟೋ ಪಾಲು ಮೇಲು.

ಬಟ್ಟೆ ಕೊಳ್ಳಲು ಚಿಕ್ಕಪೇಟೆಗೆ ಹೋಗುವಾಗ ಬ್ಯಾಟರಿಯ ಚಿಕ್ಕ ಆರ್‌ಜಿಬಿ ದೀಪವೊಂದು ಜೇಬಿನಲ್ಲಿರಲಿ. ಶೂಟಿಂಗಿನಲ್ಲಿ ಹಾಕುವ ಬಣ್ಣವನ್ನೇ ಹಾಕಿ ಬಟ್ಟೆಯನ್ನು ಅಂಗಡಿಯಲ್ಲೇ ಫೋನಿನಲ್ಲಿ ನೋಡಿ. ಮೈಸೂರು ಸಿಲ್ಕಿನ ಹೊಳಪು ತನ್ನ ಮೇಲೆ ಬಿದ್ದ ದೀಪದ ಬಣ್ಣವನ್ನು ಹೊತ್ತುಕೊಳ್ಳುತ್ತದೆ, ಜರಿಯಂತೂ ಇನ್ನೂ ಹೆಚ್ಚು. ಹತ್ತಿ ತನ್ನ ಬಣ್ಣವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಜೋಡಿಬಣ್ಣದ ರೇಷ್ಮೆ ಕೋನ ಬದಲಾದಂತೆ ಬೇರೆಯಾಗಿ ಕಾಣುವುದರಿಂದ ಅರ್ಥ ಹೊರುವ ಬಟ್ಟೆಗೆ ಅದು ಬೇಡ. ಇಳಕಲ್ ಸೀರೆಯ ಕೆಂಪು ಸೆರಗು ನೆನಪಿನಲ್ಲಿರಲಿ: ಒಡಲು ಯಾವ ಬಣ್ಣದ್ದಾದರೂ ಸೆರಗಿನಿಂದ ಕೆಂಪು ಫ್ರೇಮಿಗೆ ಬರುತ್ತದೆ. ಅಚ್ಚ ಬಿಳಿಯನ್ನು ತೆಳು ಚಹಾ ನೀರಿನಲ್ಲಿ ಅದ್ದಿ ಒಣಗಿಸಿ, ಕ್ಯಾಮೆರಾದಲ್ಲಿ ಅದೇ ಬಿಳಿಯಾಗಿ ಕಂಡು ನೆರಿಗೆಗಳೂ ಉಳಿಯುತ್ತವೆ.

ಫ್ಲಿಕರ್, ಅಂದರೆ ದೀಪದ ಮಿನುಗು ವಿಡಿಯೋದಲ್ಲಿ ಕಾಣುವುದರ ಬಗ್ಗೆ ಎರಡೇ ಮಾತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಸೆಕೆಂಡಿಗೆ 25 ಫ್ರೇಮಾದರೆ 1/50 ಶಟರ್, 24 ಫ್ರೇಮಾದರೆ ಅದೇ 1/50 ಬರುವಂತೆ ಶಟರ್ ಕೋನ 172.8 ಡಿಗ್ರಿ. ಲಿಪ್‌ಸಿಂಕ್ ಸ್ಲೋಮೋಶನ್ನಿಗೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ 50 ಫ್ರೇಮಿನಲ್ಲಿ ತೆಗೆಯುವಾಗ 1/100 ಶಟರಿನಿಂದ ಒಂದು ಸ್ಟಾಪ್ ಬೆಳಕು ಹೋಗುತ್ತದೆ. ಆಗ ಪೂರ್ತಿ ನೀಲಿ ಟ್ಯೂಬಿನ ಬೆಳಕು ಸಾಲದೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ, ಏರಿಸಬೇಕಾಗುತ್ತದೆ, ನೀಲಿಯ ತುಂಬ ಕಾಳುಕಾಳಾದ ನಾಯ್ಸ್ ಕುಣಿಯುತ್ತದೆ.

ಡಿಐನಲ್ಲಿ ಮೊದಲು ಎಕ್ಸ್‌ಪೋಶರ್ ಮತ್ತು ಶಾಟುಗಳ ಹೊಂದಾಣಿಕೆ, ಆಮೇಲಷ್ಟೇ ಲುಕ್. ಹಳದಿಯನ್ನು ತೆಗೆಯಬೇಕೆಂದು ಹ್ಯೂ-ಸ್ಯಾಚುರೇಶನ್ ಕರ್ವಿನಲ್ಲಿ ಇಡೀ ಫ್ರೇಮಿನ ಹಳದಿ ಇಳಿಸಿದರೆ ಎರಡು ಅನಾಹುತ ಆಗುತ್ತವೆ. ಎಲೆಗಳ ಹಸಿರಿನಲ್ಲಿ ಬಹಳಷ್ಟು ಹಳದಿಯ ಪಾಲು, ಮರಗಳು ಸಿಮೆಂಟಿನ ಬಣ್ಣಕ್ಕೆ ತಿರುಗುತ್ತವೆ. ನಮ್ಮ ಚರ್ಮದಲ್ಲೂ ಹಳದಿ ಇದೆ, ಮುಖ ಕಾಯಿಲೆ ಬಿದ್ದಂತಾಗುತ್ತದೆ. ಒಂದು ಬಣ್ಣವನ್ನಷ್ಟೇ ಆರಿಸುವ ಕ್ವಾಲಿಫೈಯರಿಗೆ ಒಂದು ಜಾಗವನ್ನಷ್ಟೇ ಸುತ್ತುವರಿಯುವ ವಿಂಡೋ ಸೇರಿಸಿ, ಆ ಆಟೋದ ಮೇಲ್ಭಾಗವನ್ನಷ್ಟೇ ಟ್ರ್ಯಾಕ್ ಮಾಡಿ ಇಳಿಸಬೇಕು. ಬಣ್ಣ ಅಳೆಯುವ ವೆಕ್ಟರ್‌ಸ್ಕೋಪಿನಲ್ಲಿ ಚರ್ಮ ಮೈಬಣ್ಣಕ್ಕೆಂದೇ ಇರುವ ಗೆರೆಯಾದ ಸ್ಕಿನ್ ಲೈನಿನ ಹತ್ತಿರವೇ ನಿಲ್ಲಲಿ, ಕಪ್ಪು ಮೈಬಣ್ಣ ಇದ್ದರೂ ಗೆರೆ ಅದೇ. ಎಲ್‌ಇಡಿ ಕೆಂಪು, ನೀಲಿಗಳು ಸಾಮಾನ್ಯ ಪರದೆಗಳ ಬಣ್ಣದ ಮಾನದಂಡವಾದ ರೆಕ್ 709ರ ಮಿತಿ ಮೀರಿ ಬಟ್ಟೆಯ ಮೇಲೆ ಚಪ್ಪಟೆ ತೇಪೆಗಳಾದರೆ, ಸ್ಯಾಚುರೇಶನ್ ಎಳೆದಾಡುವ ಮೊದಲು, ಬಣ್ಣಗಳನ್ನು ಆ ಮಿತಿಯೊಳಕ್ಕೆ ಒತ್ತುವ ಗ್ಯಾಮಟ್ ಕಂಪ್ರೆಶನ್ ಹಾಕಿ ನೋಡಿ.

ಕೊನೆಯ ಪರೀಕ್ಷೆ ಮಾನಿಟರಿನಲ್ಲಿ ಅಲ್ಲ, ಫೋನಿನಲ್ಲಿ. ರಾತ್ರಿ ಹಾಡು ನೋಡುವ ಎಷ್ಟೋ ಜನರ ಫೋನಿನಲ್ಲಿ ಕಣ್ಣಿಗೆ ಹಿತವಾಗಲೆಂದು ನೀಲಿ ತಗ್ಗಿಸುವ ಮೋಡ್ ಇರುತ್ತದೆ. 3200ಕ್ಕೂ 5600ಕ್ಕೂ ನೀವು ಇಟ್ಟ ಸೂಕ್ಷ್ಮ ಅಂತರ ಅಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದ್ದರಿಂದ ಸ್ಯಾಚುರೇಶನ್ ಸೊನ್ನೆ ಮಾಡಿ ಹಾಡನ್ನೊಮ್ಮೆ ಕಪ್ಪುಬಿಳುಪಿನಲ್ಲಿ ಓಡಿಸಿ. ಪಲ್ಲವಿಗೂ ಚರಣಕ್ಕೂ ಬೆಳಕಿನ ಮಟ್ಟದಲ್ಲಾದರೂ ವ್ಯತ್ಯಾಸ ಕಾಣದಿದ್ದರೆ, ಕೆಂಪು ಹಸಿರಿನ ಭೇದ ತಿಳಿಯದವರಿಗೂ ಅಗ್ಗದ ಪರದೆಯವರಿಗೂ ಆ ಬದಲಾವಣೆ ತಲುಪುವುದಿಲ್ಲ. ಯೂಟ್ಯೂಬಿನ ಕಂಪ್ರೆಶನ್ನಿನಲ್ಲಿ ಬಣ್ಣದ ವಿವರ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಯುವುದರಿಂದ ನೀಲಿಯ ಮೇಲಿನ ಸಣ್ಣ ಕೆಂಪು ಅಕ್ಷರಗಳ ಅಂಚು ಕಲಸಿಹೋಗುತ್ತದೆ. ಲಿರಿಕಲ್ ವಿಡಿಯೋ ಮಾಡುವವರು ಆ ಜೋಡಿಯನ್ನು ಬಿಡಬೇಕು.

ಟೀಸರ್ ಮತ್ತು ಥಂಬ್‌ನೇಲ್ ಮಾಡುವವರಿಗೆ ಸಾಮಾನ್ಯವಾಗಿ ಇಡೀ ಹಾಡನ್ನು ಕೊಟ್ಟುಬಿಡುತ್ತಾರೆ. ಅವರು ಕಣ್ಣು ಸೆಳೆಯುವ ಫ್ರೇಮನ್ನೇ ಹುಡುಕುತ್ತಾರೆ, ಅದು ಸಹಜ. ಆ ಫ್ರೇಮ್ ಹೆಚ್ಚಾಗಿ ಕೊನೆಯ ಚರಣಕ್ಕೆಂದು ಕೂಡಿಟ್ಟ ಬಣ್ಣದ್ದೇ ಆಗಿರುತ್ತದೆ. ಹಳದಿ ಹೂವಿನ ರಾಶಿ ವಾರ ಮೊದಲೇ ಪೋಸ್ಟರಿನಲ್ಲಿ ಬಂದರೆ ಹಾಡಿನ ನಡುವೆ ಹಳದಿಯನ್ನು ಬಚ್ಚಿಟ್ಟ ಶ್ರಮವೆಲ್ಲ ವ್ಯರ್ಥ. ಪಲ್ಲವಿ ಮತ್ತು ಮೊದಲ ಚರಣದಿಂದ ಡಿಐ ಆದ ಆರೇಳು ಸ್ಟಿಲ್ಲುಗಳನ್ನು ನೀವೇ ಆರಿಸಿ ಕೊಡಿ, ಯಾವ ಬಣ್ಣ ಹೊರಬರಕೂಡದು ಎಂಬುದನ್ನು ಜೊತೆಗೇ ಬರೆದುಕೊಡಿ.