ಹಾರ್ಟ್ ಟೆಸ್ಟಿಗೆ ಹೋದಾಗ ಡೇಟ್ ಯಾವಾಗ ಬಂದಿತ್ತು ಅಂತ ಹೇಳ್ರಿ

ಬಾಗಲಕೋಟಿ ನವನಗರದಾಗ ಇರೋ ನಮ್ಮ ವೈನಿಗೆ 44 ವರ್ಷ. ತಿಂಗಳದಾಗ ನಾಕೈದು ದಿನ ರಾತ್ರಿ ಮಲಗಿದಾಗ ಎದಿ ಒಮ್ಮಿಂದೊಮ್ಮೆಲೆ ಡಬಡಬ ಬಡಕೋತಿತ್ತು, ಎದ್ದು ಕುಂತು ನೀರು ಕುಡದ್ರ ಸ್ವಲ್ಪ ಹೊತ್ತಿಗೆ ತಾನಾ ನಿಲ್ಲೋದು. ಇಸಿಜಿ ತಗಸಿದ್ರ ನಾರ್ಮಲ್. ಟಿಎಂಟಿ, ಅಂದ್ರ ನಡಿಸಿ ಎದಿ ಬಡಿತ ನೋಡೋ ಟೆಸ್ಟ್, ಮಾಡಸ್ರಿ ಅಂದ್ರು. ಮಗಳ ಚೂಡಿದಾರ, ಮಗಳ ಬೂಟು ಹಾಕ್ಕೊಂಡು, ಎದಿ ತುಂಬ ವೈರ್ ಅಂಟಿಸ್ಕೊಂಡು ವೈನಿ ಆ ಓಡೋ ಪಟ್ಟಿ ಮ್ಯಾಲ ನಡದ್ರು, ಮೂರ್ಮೂರು ನಿಮಿಷಕ್ಕ ಸ್ಪೀಡೂ ಹೆಚ್ಚು ಏರೂ ಹೆಚ್ಚು, ಮೂರನೇ ಸ್ಟೇಜಿಗೆ ಕಂಬಿ ಬಿಗಿಯಾಗಿ ಹಿಡಕೊಂಡು ಏದುಸಿರು ಬಿಡಾಕತ್ತಿದ್ರು. ರಿಪೋರ್ಟ್ ಪಾಸಿಟಿವ್, ಅಂದ್ರ ಹೃದಯದ ನಾಳದಾಗ ಬ್ಲಾಕ್ ಇರಬಹುದು ಅಂತ! ಅವತ್ತ ಮನ್ಯಾಗ ಒಬ್ಬರೂ ಉಣ್ಣಲಿಲ್ಲ. ಆಮ್ಯಾಲ ಆಂಜಿಯೋಗ್ರಾಂ ಮಾಡಿದ್ರ ಒಂದೂ ಬ್ಲಾಕ್ ಇಲ್ಲ.

ಇಷ್ಟೆಲ್ಲಾ ಆದ್ರೂ ಡೇಟ್ ಯಾವಾಗ ಬಂದಿತ್ತರಿ ಅಂತ ಯಾರೂ ಕೇಳಲಿಲ್ಲ, ಅದು ನನಗ ಇವತ್ತಿಗೂ ಚುಚ್ಚತೈತಿ.

ಯಾಕಂದ್ರ ಮುಟ್ಟಿನ ಹಾರ್ಮೋನು ಗರ್ಭಕೋಶಕ್ಕಷ್ಟ ಅಲ್ಲ, ಎದಿಗೂ ಮುಟ್ಟತಾವ. ಅಂಡಾಣು ಬಿಡುಗಡೆ ಆದಮ್ಯಾಲ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ಏರತೈತಿ, ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗತೈತಿ, ನಾಡಿನೂ ನಿಮಿಷಕ್ಕ ಒಂದಿಷ್ಟು ಬಡಿತ ಹೆಚ್ಚು ಬಡೀತೈತಿ. ಇಸಿಜಿಯೊಳಗ ಕ್ಯೂಟಿ ಅಂತ ಒಂದು ಅಳತಿ ಐತಿ, ಹೃದಯದ ಕೆಳಗಿನ ಕೋಣಿ ಒಂದು ಬಡಿತಕ್ಕ ಕರೆಂಟ್ ಹೊಡದು ಮುಂದಿನ ಬಡಿತಕ್ಕ ಮತ್ತ ತಯಾರಾಗಾಕ ಹಿಡಿಯೋ ಹೊತ್ತು ಅದು. ಸಣ್ಣ ಹುಡುಗ ಹುಡುಗಿಯರೊಳಗ ಇದು ಸರಿಸುಮಾರು ಒಂದ, ದೊಡ್ಡವರಾದಮ್ಯಾಲ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್‌ನಿಂದ ಗಂಡಸರದು ಗಿಡ್ಡ ಆಗತೈತಿ, ಹೆಂಗಸರದು ಉದ್ದನ ಉಳೀತೈತಿ. ಹಿಂಗಾಗಿ ಗಂಡಸರಿಗೆ 450 ಮಿಲಿಸೆಕೆಂಡ್ ಗಡಿ ಇಟ್ರ ಹೆಂಗಸರಿಗೆ 460 ಇಡ್ತಾರ. ತಿಂಗಳ ಉದ್ದಕ್ಕೂ ಇದು ಒಂದ ತರ ಇರೂದಿಲ್ಲ. 2001ರಾಗ ಬಂದ ಒಂದು ಅಧ್ಯಯನದೊಳಗ ಐಬುಟಿಲೈಡ್ ಅನ್ನೋ ಬಡಿತದ ಔಷಧಿ ಕೊಟ್ಟು ನೋಡಿದ್ರು, ಅದ ಡೋಸು, ಆದ್ರ ಮುಟ್ಟಿನ ದಿನಗಳಾಗ ಕ್ಯೂಟಿ ಹೆಚ್ಚು ಎಳೀತು, ಪ್ರೊಜೆಸ್ಟೆರಾನ್ ಜೋರಿದ್ದ ದಿನಗಳಾಗ ಕಡಿಮಿ!

ಟಿಎಂಟಿದು ಇನ್ನೊಂದು ಕತಿ. ನಾಳ ಚೊಲೋ ಇದ್ರೂ ಇಸಿಜಿ ಗೆರಿ ಕೆಳಗಿಳಿದು ಪಾಸಿಟಿವ್ ಅನ್ನೋದು ಹೆಂಗಸರೊಳಗ ಹೆಚ್ಚು, ಅದಕ್ಕ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನೂ ಒಂದು ಕಾರಣ ಇರಬಹುದು ಅಂತಾರ. ಹಂಗಂತ ಹೆಂಗಸರ ಪಾಸಿಟಿವ್ ಎಲ್ಲಾ ಸುಳ್ಳು ಅಂತ ಬಿಡಬ್ಯಾಡ್ರಿ, ನಾಳದಾಗ ಮೊದಲ ತೊಂದ್ರಿ ಇದ್ದ ಹೆಣ್ಮಕ್ಕಳಿಗೆ ಈಸ್ಟ್ರೋಜೆನ್ ಇಳಿದಿರೋ ದಿನಗಳಾಗ, ಅಂದ್ರ ಮುಟ್ಟಿನ ಆಸುಪಾಸು, ನಡಿಯಾಕ ಹತ್ತಿದ ಕೂಡ್ಲೆ ರಕ್ತ ಸಾಲದಾಗೋದನ್ನೂ ನೋಡ್ಯಾರ. ಎದಿನೋವು ಬಂದ್ರ, ಎಡಗೈ ದವಡಿ ಎಳದ್ರ, ಯಾವ ದಿನ ಅಂತ ಲೆಕ್ಕ ಹಾಕ್ಕೋತ ಕೂಡಬ್ಯಾಡ್ರಿ, ಆವತ್ತ ಹೋಗ್ರಿ.

ವೈನಿದು ಬ್ಯಾರೇ ಇತ್ತು. ಎರಡನೇ ಡಾಕ್ಟ್ರು ಒಂದು ಹೆಣ್ಮಗಳು, ಗೋಡಿ ಕ್ಯಾಲೆಂಡರ್‌ನ್ಯಾಗ ಎದಿ ಬಡಕೊಂಡ ದಿನಕ್ಕ ಚುಕ್ಕಿ, ಡೇಟ್ ಬಂದ ದಿನಕ್ಕ ಗೋಲು ಹಾಕ್ಕೊಂಡು ಬರ್ರಿ ಅಂದ್ರು. ಮೂರು ತಿಂಗಳಾದ್ವು, ಚುಕ್ಕಿ ಎಲ್ಲಾ ಗೋಲಿನ ಹಿಂದಿನ ವಾರದಾಗ. ಅದ ವಾರ ನೋಡಿ 24 ತಾಸು ಬಿಡದಂಗ ಇಸಿಜಿ ಬರಕೊಳ್ಳೋ ಹೋಲ್ಟರ್ ಅನ್ನೋ ಸಣ್ಣ ಮಷಿನ್ ಕಟ್ಟಿದ್ರು, ರಾತ್ರಿ ಎರಡರ ಸುಮಾರಿಗೆ ನಾಡಿ 160 ದಾಟಿದ್ದು ಸಿಕ್ಕಬಿಡ್ತು. ಹೃದಯದ ಮ್ಯಾಲಿನ ಕೋಣಿ ಕಡೆಯಿಂದ ಸುರು ಆಗೋ ಎಸ್‌ವಿಟಿ ಅನ್ನೋ ಜೋರು ಬಡಿತ ಅದು, ಪ್ರೊಜೆಸ್ಟೆರಾನ್ ಏರಿದ ದಿನಗಳಾಗ, ಅಂದ್ರ ಡೇಟಿನ ಮುಂಚಿನ ದಿನಗಳಾಗ, ಹೆಚ್ಚು ಕಾಣಸ್ಕೋತೈತಿ ಅಂತ 1996ರಾಗನ ಒಂದು ಅಧ್ಯಯನ ಬಂದಿತ್ತು. ಮೊದಲಿನ ಇಸಿಜಿ ಅಷ್ಟೂ ತಗದಿದ್ದು ಡೇಟ್ ಮುಗದು ಆರಾಮ ಇದ್ದ ದಿನಗಳಾಗ.