ಹಕ್ಕಿ ಜ್ವರದ ಪರೀಕ್ಷೆ: ಮೊದಲು ಯಾವ ಕೋಳಿ ಎಂದು ಹೇಳಿ

ಹಕ್ಕಿ ಜ್ವರದ ಸುದ್ದಿ ಪತ್ರಿಕೆಗಳಲ್ಲಿ ಬಂದ ವಾರ ಪಶುರೋಗ ಪ್ರಯೋಗಾಲಯಗಳಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: "ಸಾರ್, ಒಂದು ಕೋಳಿ ತಂದುಕೊಡ್ತೀನಿ, ನಮ್ಮ ಫಾರಂನಲ್ಲಿ ಕಾಯಿಲೆ ಇಲ್ಲ ಅಂತ ಬರೆದುಕೊಡಿ." ವ್ಯಾಪಾರಿಯ ಲಾರಿ ಗೇಟಿನ ಹೊರಗೆ ವರದಿಗಾಗಿ ಕಾಯುತ್ತಿರುವಾಗ ಹೀಗೆ ಕೇಳುವವರ ಸಂಕಟ ನನಗೆ ತಿಳಿಯದ್ದೇನಲ್ಲ. ಆದರೆ ನಾವು ಕೊಡುವ ವರದಿಯು ನಮ್ಮ ಕೈಗೆ ಬಂದ ಮಾದರಿಯ ಮಟ್ಟಿಗೆ ಮಾತ್ರ ಸತ್ಯವಾಗಿದ್ದು, ಅದನ್ನು ಇಡೀ ಫಾರಂಗೆ ಅನ್ವಯಿಸಬಹುದೇ ಎಂಬುದು ಆ ಮಾದರಿಯನ್ನು ಯಾವ ಹಕ್ಕಿಯಿಂದ, ಯಾವಾಗ, ಹೇಗೆ ತೆಗೆದರು ಎಂಬುದನ್ನು ಅವಲಂಬಿಸಿರುತ್ತದೆ. ಇಷ್ಟನ್ನು ಎಷ್ಟು ಬಾರಿ ಹೇಳಿದರೂ ಮರುದಿನ ಅದೇ ಕರೆ ಬರುತ್ತದೆ.

ಲೆಕ್ಕವನ್ನೇ ನೋಡೋಣ. ನೂರಕ್ಕೆ ಐದು ಕೋಳಿಗಳಿಗೆ ಸೋಂಕು ತಗುಲಿರುವ ದೊಡ್ಡ ಶೆಡ್‌ನಿಂದ ಕೈಗೆ ಸಿಕ್ಕಂತೆ ಐದು ಕೋಳಿಗಳನ್ನು ಹಿಡಿದು ಪರೀಕ್ಷಿಸಿದರೆ, ಯಂತ್ರ ಒಂದೂ ತಪ್ಪು ಮಾಡದಿದ್ದರೂ ಐದೂ ನೆಗೆಟಿವ್ ಬರುವ ಸಾಧ್ಯತೆ ಸುಮಾರು ಶೇ 77. ಅಂಥ ಸೋಂಕನ್ನು ಶೇ 95ರಷ್ಟು ಖಾತ್ರಿಯಿಂದ ಹಿಡಿಯಬೇಕಾದರೆ 59 ಕೋಳಿಗಳ ಮಾದರಿ ಬೇಕು. ಅದೇ ಶೆಡ್‌ನಲ್ಲಿ ಆ ದಿನ ಸತ್ತ ಅಥವಾ ಸಾಯುತ್ತಿರುವ ಕೋಳಿಗಳನ್ನೇ ಆರಿಸಿ, ಅವುಗಳಲ್ಲಿ ಅರ್ಧದಷ್ಟಕ್ಕೆ ಸೋಂಕಿದೆ ಎಂದಿಟ್ಟುಕೊಂಡರೆ, ಐದೇ ಮಾದರಿಗಳಲ್ಲಿ ರೋಗ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 3ಕ್ಕೆ ಇಳಿಯುತ್ತದೆ. ವೈರಾಣುವಿನ ವಂಶವಾಹಿಯನ್ನು ಪತ್ತೆಹಚ್ಚುವ ಪಿಸಿಆರ್ ಯಂತ್ರ ಎಷ್ಟು ದುಬಾರಿಯದಾದರೂ ಈ ಆಯ್ಕೆಯನ್ನು ಅದು ಮಾಡಲಾರದು.

ಆಯ್ಕೆ ನಡೆಯುವುದು ಮಾತ್ರ ತದ್ವಿರುದ್ಧವಾಗಿ. ಒಬ್ಬ ಮಾಲೀಕರು ತಮ್ಮ ಶೆಡ್‌ನ ಅತ್ಯಂತ ದಷ್ಟಪುಷ್ಟ ಹುಂಜವನ್ನು ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಮದುವೆ ದಿಬ್ಬಣಕ್ಕೆ ಹೊರಡಿಸಿದಂತೆ ಕರೆತಂದಿದ್ದರು. ಸತ್ತ ಕೋಳಿಗಳು ಎಲ್ಲಿ ಎಂದು ಕೇಳಿದರೆ, "ಅವನ್ನು ಹೂತುಬಿಟ್ಟೆ ಡಾಕ್ಟ್ರೇ, ನಿಮಗೆ ಒಳ್ಳೇದನ್ನೇ ತಂದಿದೀನಿ" ಎಂದರು. ಆ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ನನ್ನಿಂದಾಗಲಿಲ್ಲ. ಇನ್ನು ಕೆಲವರು ರಕ್ತ ಪರೀಕ್ಷೆಯೇ ಆಗಬೇಕೆಂದು ಹಟ ಹಿಡಿಯುತ್ತಾರೆ. ತೀವ್ರ ಬಗೆಯ ಹಕ್ಕಿ ಜ್ವರ ತಗುಲಿದ ಕೋಳಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಆ ಪರೀಕ್ಷೆ ಹುಡುಕುವ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತುಗಳು) ರಕ್ತದಲ್ಲಿ ಮೂಡುವ ಮೊದಲೇ ಸಾಯುವುದರಿಂದ ಅದರ ರಕ್ತ ನಮಗೆ ಏನನ್ನೂ ಹೇಳದೇ ಇರಬಹುದು. ಸೋಂಕಿದ್ದರೂ ಅನೇಕ ವೇಳೆ ಬದುಕುಳಿಯುವ ಬಾತುಕೋಳಿಗಳಲ್ಲಿ ಆ ಪರೀಕ್ಷೆಗೆ ಬೆಲೆಯಿದೆ.

ಆರಿಸಿದ್ದು ಸರಿಯಾದ ಹಕ್ಕಿಯೇ ಆದರೂ ಮಾದರಿ ದಾರಿಯಲ್ಲಿ ಕೆಡಬಹುದು. ಅಂಗಾಂಶ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವದಲ್ಲಿ ಮುಳುಗಿಸಿ ತಂದ ಅಂಗಾಂಶದಿಂದ ವೈರಾಣುವನ್ನು ಬೆಳೆಸಲಾಗದು, ಪಿಸಿಆರ್ ಕೂಡ ಕಷ್ಟ. ಮನೆಯ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಮಾದರಿಯಲ್ಲಿ ಜೀವಂತ ವೈರಾಣು ಕ್ಷೀಣಿಸುತ್ತದೆ. ಗಂಟಲಿನಿಂದ ಮತ್ತು ಗುದದ್ವಾರದಿಂದ ತೆಗೆದ ಸ್ವಾಬ್‌ಗಳನ್ನು ಸಾಗಣೆ ದ್ರವದಲ್ಲಿಟ್ಟು, ಮೂರು ಪದರದ ಪೊಟ್ಟಣದಲ್ಲಿ ಸುಮಾರು 4 ಡಿಗ್ರಿ ತಂಪಿನಲ್ಲಿ ಬೇಗ ತಲುಪಿಸಬೇಕು. ಇದು ಪಶುವೈದ್ಯರ ಕೆಲಸ. ಸತ್ತ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಯಾರೂ ಬಸ್ ಹತ್ತಬಾರದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ಇರುವ 2009ರ ಕಾಯ್ದೆಯ ಪ್ರಕಾರ ಅನುಮಾನ ಬಂದ ಕೂಡಲೇ ತಿಳಿಸುವ ಹೊಣೆ ಮಾಲೀಕರದೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಸ್ಥಳದಲ್ಲೇ ಗೆರೆ ಮೂಡಿಸುವ ಕಿಟ್‌ಗಳ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ನನಗೆ ಧಾರಾಳವಾಗಿ ಬರುತ್ತವೆ. ವೈರಾಣು ಹೇರಳವಾಗಿದ್ದಾಗ, ಅಂದರೆ ಕಾಯಿಲೆ ಬಿದ್ದ ಇಲ್ಲವೇ ಆಗತಾನೇ ಸತ್ತ ಹಕ್ಕಿಗಳಲ್ಲಿ, ಅವು ಸುಳಿವು ಕೊಡಬಲ್ಲವು. ಆರೋಗ್ಯವಾಗಿ ಕಾಣುವ ಹಕ್ಕಿಯಲ್ಲಿ ಎರಡನೆಯ ಗೆರೆ ಮೂಡದಿದ್ದುದಕ್ಕೆ ನಾನು ಯಾವ ಅರ್ಥವನ್ನೂ ಕೊಡುವುದಿಲ್ಲ.

ಪಾಸಿಟಿವ್ ಬಂದಾಗಲೂ ಸ್ವಲ್ಪ ತಾಳ್ಮೆ ಬೇಕು. ಮೊದಲ ಪಿಸಿಆರ್ ಗುರುತಿಸುವುದು ಎ ಗುಂಪಿನ ಎಲ್ಲ ಇನ್‌ಫ್ಲುಯೆಂಜಾ ವೈರಾಣುಗಳಿಗೂ ಸಮಾನವಾದ ಎಂ ವಂಶವಾಹಿಯನ್ನು. ಅದು ನಮ್ಮ ದೇಶದ ಫಾರಂಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುವ, ಅಷ್ಟು ಮಾರಕವಲ್ಲದ ಎಚ್9ಎನ್2 ಆಗಿರಲೂಬಹುದು. ಎಚ್5, ಎಚ್7, ಎಚ್9 ಎಂಬ ಉಪಬಗೆಗಳಾಗಿ ವಿಂಗಡಿಸುವುದು ಮುಂದಿನ ಹಂತ. ತೀವ್ರ ಬಗೆಯ ಹಕ್ಕಿ ಜ್ವರ ಬರುವುದು ಎಚ್5 ಮತ್ತು ಎಚ್7ರಿಂದ. ಒಂಬತ್ತರಿಂದ ಹನ್ನೊಂದು ದಿನದ ಭ್ರೂಣವಿರುವ ಮೊಟ್ಟೆಯಲ್ಲಿ ವೈರಾಣುವನ್ನು ಬೆಳೆಸಿದಾಗ ಆ ಮೊಟ್ಟೆಯೊಳಗಿನ ದ್ರವ ಕೆಂಪು ರಕ್ತಕಣಗಳನ್ನು ಒಟ್ಟುಗೂಡಿಸುತ್ತದೆ. ಆದರೆ ಕೋಳಿಗಳಿಗೇ ಬರುವ ಕೊಕ್ಕರೆ ರೋಗದ (ರಾಣಿಖೇತ್) ವೈರಾಣುವೂ ಹಾಗೆಯೇ ಮಾಡುವುದರಿಂದ ಒಂದೇ ವೈರಾಣುವನ್ನು ತಡೆಯುವ ಪ್ರತಿಕಾಯಗಳಿರುವ ನಿರ್ದಿಷ್ಟ ಪ್ರತಿಸೀರಮ್‌ನಿಂದ ಎರಡನ್ನೂ ಬೇರ್ಪಡಿಸಬೇಕಾಗುತ್ತದೆ. ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷಾ ಪಶುರೋಗ ಸಂಸ್ಥೆಯದು. ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲುವ ನಿರ್ಧಾರ ಆ ಫಲಿತಾಂಶದ ಮೇಲೆ ನಿಂತಿರುವಾಗ ಕಾಯುವುದನ್ನು ವಿಳಂಬವೆಂದು ಬೈಯುವುದು ಸರಿಯಲ್ಲ.

ಮಾದರಿಯ ಆಯ್ಕೆ ಕೋಳಿಗಷ್ಟೇ ಸಂಬಂಧಿಸಿದ್ದೂ ಅಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಕಾನ್ಸಾಸ್‌ಗಳ ಹೈನು ಹಸುಗಳಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಾಣು ಪತ್ತೆಯಾದಾಗ ವೈರಾಣು ಅತಿ ಹೆಚ್ಚಾಗಿ ಸಿಕ್ಕಿದ್ದು ಹಾಲಿನಲ್ಲಿ. ಉಸಿರಾಟದ ಕಾಯಿಲೆಯೆಂದು ಮೂಗಿನ ಸ್ವಾಬ್ ಒಂದನ್ನೇ ನಂಬಿದ್ದರೆ ಎಷ್ಟೋ ಹಸುಗಳು ತಪ್ಪಿಹೋಗುತ್ತಿದ್ದವು.

ನನ್ನ ಅನುಭವದಲ್ಲಿ ನಮಗೆ ಅತ್ಯಂತ ನೆರವಾದವರಲ್ಲಿ ಒಬ್ಬರು ಮೊಟ್ಟೆ ಕೋಳಿ ಸಾಕುವ ಹೆಣ್ಣುಮಗಳು. ಪ್ರತಿ ಶೆಡ್‌ನ ಸಾವು, ನೀರಿನ ಬಳಕೆ, ಮೊಟ್ಟೆಯ ಇಳಿಕೆ ಎಲ್ಲವನ್ನೂ ಆಕೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಯಾವ ಶೆಡ್‌ನಿಂದ ಮಾದರಿ ತೆಗೆಯಬೇಕೆಂಬುದು ಅದನ್ನು ನೋಡಿದೊಡನೆ ಗೊತ್ತಾಯಿತು. ನೆಗೆಟಿವ್ ವರದಿಯ ನಂತರವೂ ಸಾವು ನಿಲ್ಲದಿದ್ದಾಗ ನಾವು ಮತ್ತೆ ಮಾದರಿ ಕೇಳುವುದುಂಟು. ಆಗ ಹಳೆಯ ವರದಿಯನ್ನು ಮುಂದೆ ಹಿಡಿದು ವಾದಿಸುವ ಬದಲು, ಸಾವು ಏರುತ್ತಿರುವ ಶೆಡ್‌ನಲ್ಲಿ ಆ ದಿನ ಬೆಳಿಗ್ಗೆ ಸತ್ತ ಹಕ್ಕಿಗಳನ್ನು ಹೂಳದೆ ಪಶುವೈದ್ಯರು ಬರುವವರೆಗೆ ಮುಚ್ಚಿಡಿ. ಆ ಶೆಡ್‌ಗೆ ಬೇರೆ ಯಾರನ್ನೂ ಬಿಡಬೇಡಿ.