ಕೆಳಗಡೆ ಪಿಕಪ್ ಇಲ್ವಾ? ಮೊದಲು ಸೋರುವ ಜಾಗ ಹುಡುಕಿ

ಕಳೆದ ತಿಂಗಳು ಒಬ್ಬರು ಮಗನ 85 ಸಿಸಿ ಟು ಸ್ಟ್ರೋಕ್ ಡರ್ಟ್ ಬೈಕನ್ನು ಟಾಟಾ ಏಸ್‌ನಲ್ಲಿ ಕಟ್ಟಿಕೊಂಡು ಕಾಮಾಕ್ಷಿಪಾಳ್ಯದ ನನ್ನ ಗ್ಯಾರೇಜಿಗೆ ಬಂದರು. ಹುಡುಗನಿಗೆ ಹದಿಮೂರು ವರ್ಷ. "ಅಂಕಲ್, ತಿರುವಿನಿಂದ ಎದ್ದು ಬರುವಾಗ ಗಾಡಿ ಸತ್ತೇ ಹೋಗುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಎಳೆಯುತ್ತೆ, ಕೈ ಕಿತ್ತು ಬರೋ ಹಾಗೆ" ಅಂದ. ರೋಗವನ್ನು ಇಷ್ಟು ಚೆನ್ನಾಗಿ ಹೇಳುವ ಗಿರಾಕಿ ನನಗೆ ವರ್ಷಕ್ಕೆ ಒಬ್ಬ ಸಿಕ್ಕರೆ ಜಾಸ್ತಿ.

ಅಪ್ಪನ ಕೈಯಲ್ಲಿ ಒಂದು ಚೀಲ ಇತ್ತು. ಅದರ ತುಂಬಾ ಬೈಕಿನಿಂದ ಬಿಚ್ಚಿದ ಹಳೆಯ ಸಾಮಾನು. ಎಲ್ಲೋ ಕೇಳಿಕೊಂಡು 28 ಎಂಎಂ ಕಾರ್ಬುರೇಟರ್ ತೆಗೆಸಿ 34 ಎಂಎಂ ಹಾಕಿಸಿದ್ದರು. ರೇಸ್ ಪೈಪ್ ಹಾಕಿಸಿದ್ದರು. ಗಟ್ಟಿ ಕಾರ್ಬನ್ ಎಲೆಗಳ ರೀಡ್ ವಾಲ್ವ್ ಕೂಡ, ಅಂದರೆ ಮಿಶ್ರಣವನ್ನು ಎಂಜಿನ್ ಒಳಗೆ ಬಿಟ್ಟು ವಾಪಸ್ ಬಿಡದ ಬಾಗಿಲು. "ಇನ್ನೇನು ಹಾಕಿಸಬೇಕು ಸಾರ್?" ಎಂದು ಕೇಳಿದರು. ಹಾಕುವುದಕ್ಕಿಂತ ತೆಗೆಯುವುದೇ ಜಾಸ್ತಿ ಇದೆ ಅಂದೆ. ಅವರಿಗೆ ಅಷ್ಟು ಖುಷಿಯಾಗಲಿಲ್ಲ.

ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಪಂಪ್ ಇವೆ ಅಂದುಕೊಳ್ಳಿ. ಒಂದು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್. ಪಿಸ್ಟನ್ ಮೇಲೆ ಹೋದಾಗ ಅದು ರೀಡ್ ವಾಲ್ವ್ ಮೂಲಕ ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಒತ್ತಿ ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ಸೈಲೆನ್ಸರಿನ ಹೊಟ್ಟೆ, ಅಂದರೆ ಎಕ್ಸ್‌ಪಾನ್ಷನ್ ಚೇಂಬರ್. ಹೊಗೆಯ ಅಲೆ ಅಲ್ಲಿ ಬಡಿದು ವಾಪಸ್ ಬಂದು, ಪೋರ್ಟಿನಿಂದ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಯಿಂದ, ಆಚೆ ಓಡುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಆದರೆ ಈ ಅಲೆ ಸರಿಯಾದ ಹೊತ್ತಿಗೆ ಬರುವುದು ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಹುಡುಗ ಹೇಳಿದ ಆ "ಇದ್ದಕ್ಕಿದ್ದ ಹಾಗೆ" ಇದೇ. ಕೆಳಗಿನ ಆರ್‌ಪಿಎಂನಲ್ಲಿ ಅಲೆ ತೀರಾ ಬೇಗ ಬಂದುಬಿಡುತ್ತದೆ, ಉಪಯೋಗವಿಲ್ಲ. ಅಲ್ಲಿ ಕ್ರ್ಯಾಂಕ್‌ಕೇಸ್ ಒಂದೇ ಗತಿ.

ಸೈಕಲ್ ಪಂಪಿನ ವಾಷರ್ ಸವೆದಿದ್ದರೆ ಏನಾಗುತ್ತೆ ಗೊತ್ತಲ್ವಾ? ನಿಧಾನವಾಗಿ ಒತ್ತಿದರೆ ಗಾಳಿಯೆಲ್ಲ ಪಕ್ಕದಿಂದ ಸೋರಿ ಹೋಗುತ್ತದೆ. ದಬದಬ ಅಂತ ಜೋರಾಗಿ ಒತ್ತಿದರೆ ಹೇಗೋ ಟೈರ್ ತುಂಬುತ್ತದೆ. ಸಣ್ಣ ಟು ಸ್ಟ್ರೋಕ್ ಕೂಡ ಹಾಗೇ. ಸೋರಿಕೆ ಇದ್ದರೂ ಮೇಲೆ ಎಳೆಯುತ್ತದೆ, ಕೆಳಗೆ ಸಾಯುತ್ತದೆ. ಅದಕ್ಕೇ ಪಿಕಪ್ ಇಲ್ಲ ಎಂದು ಯಾರೇ ಬಂದರೂ ನಾನು ಮೊದಲು ಕಾರ್ಬುರೇಟರ್ ಮುಟ್ಟುವುದಿಲ್ಲ, ಸೋರಿಕೆ ನೋಡುತ್ತೇನೆ.

ಇದಕ್ಕೆ ನನ್ನ ಹತ್ತಿರ ಇರುವ ಸಾಧನ ಬಿಪಿ ನೋಡುವ ಗಡಿಯಾರ ಮತ್ತು ಅದರ ರಬ್ಬರ್ ಬಲ್ಬು. ಪೈಪ್ ಬಿಚ್ಚಿ ಎಕ್ಸಾಸ್ಟ್ ಪೋರ್ಟಿಗೆ ರಬ್ಬರ್ ಬಿರಡೆ ಬಿಗಿಯುತ್ತೇನೆ. ಕಾರ್ಬುರೇಟರ್ ಕೂರುವ ರಬ್ಬರಿಗೂ ಒಂದು ಬಿರಡೆ. ಅದರ ನಡುವೆ ಬಲ್ಬು ಸೇರಿಸಲು ಸಣ್ಣ ನಳಿಕೆ. ಪ್ಲಗ್ ಅದರ ಜಾಗದಲ್ಲೇ ಇರಲಿ. ಪಿಸ್ಟನ್ ಕೆಳಕ್ಕೆ ತಂದರೆ ಪೋರ್ಟುಗಳು ತೆರೆದು ಇಡೀ ಎಂಜಿನ್ ಒಂದೇ ಡಬ್ಬಿಯಾಗುತ್ತದೆ. ಆಮೇಲೆ ಬಲ್ಬು ಒತ್ತಿ ಮುಳ್ಳನ್ನು 260ಕ್ಕೆ ತನ್ನಿ. ಅದು ಸುಮಾರು 5 ಪಿಎಸ್‌ಐ. ಅದಕ್ಕಿಂತ ಬಹಳ ಜಾಸ್ತಿ ಬೇಡ, ಸುಮ್ನೆ ಸೀಲ್ ಎದ್ದು ಬರುತ್ತದೆ. ಒಂದು ನಿಮಿಷದಲ್ಲಿ ಮುಳ್ಳು 50ರಷ್ಟು ಇಳಿದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇಳಿದರೆ ಸೋಪಿನ ನೀರು ತೆಗೆದುಕೊಂಡು ಹುಡುಕಲು ಶುರು ಮಾಡಿ. ಹೆಡ್, ಬೇಸ್ ಗ್ಯಾಸ್ಕೆಟ್, ಕಾರ್ಬುರೇಟರ್ ರಬ್ಬರಿನ ಬುಡ, ಮ್ಯಾಗ್ನೆಟ್ ಹಿಂದಿನ ಆಯಿಲ್ ಸೀಲ್. ಕ್ಲಚ್ ಕಡೆಯ ಸೀಲ್ ಹೊರಗೆ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿ ಕೊಟ್ಟರೆ ಒಳಗೆ ಗುಳ್ಳೆ ಏಳುವ ಸದ್ದು ಕೇಳುತ್ತದೆ. ಆ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಕಡಿಮೆಯಾಗುತ್ತಾ ಬರುತ್ತದೆ, ಬಿಳಿ ಹೊಗೆ ನಿಲ್ಲುವುದಿಲ್ಲ. ಮ್ಯಾಗ್ನೆಟ್ ಕಡೆಯದು ಹೋಗಿದ್ದರೆ ಬರೀ ಗಾಳಿ ಎಳೆಯುತ್ತದೆ. ಐಡಲ್ ಒಂದು ಕಡೆ ನಿಲ್ಲುವುದಿಲ್ಲ, ಥ್ರಾಟಲ್ ಬಿಟ್ಟರೂ ರೇಸ್ ಇಳಿಯಲು ಹೊತ್ತು ಮಾಡುತ್ತದೆ.

ಹುಡುಗನ ಬೈಕಿನಲ್ಲಿ ಮುಳ್ಳು ಅರ್ಧ ನಿಮಿಷಕ್ಕೆ 100ಕ್ಕೆ ಬಂತು. ಮ್ಯಾಗ್ನೆಟ್ ಬಿಚ್ಚಿ ಸೋಪಿನ ನೀರು ಹಾಕಿದರೆ ಸೀಲಿನ ಸುತ್ತ ದೋಸೆ ಹಿಟ್ಟಿನ ಹಾಗೆ ನೊರೆ. ಮೂರು ದೊಡ್ಡ ಸಾಮಾನು ಹಾಕಿಸಿದ ಬೈಕಿನ ನಿಜವಾದ ರೋಗ ಒಂದು ಸಣ್ಣ ರಬ್ಬರ್ ಬಳೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಆರ್‌ಎಕ್ಸ್ 135 ಇದೇ ದೂರಿನೊಂದಿಗೆ ಬಂದಿತ್ತು. ಲೀನ್ ಓಡುತ್ತಿದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಗೊತ್ತಾಯಿತು. ಯಾಕೆ ಎಂದು ಹುಡುಕಲಿಲ್ಲ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು, ಅಂದರೆ ಜೆಟ್, ದೊಡ್ಡದು ಹಾಕಿ ಕಳಿಸಿದೆ. ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ತುಮಕೂರು ರಸ್ತೆಯಲ್ಲಿ ಪಿಸ್ಟನ್ ಸೀಝ್ ಆಗಿ ಹಿಂದಿನ ಚಕ್ರ ಕಚ್ಚಿ ನಿಂತಿತು. ಗಾಡಿಯವರು ಬೀಳಲಿಲ್ಲ, ಪುಣ್ಯ. ಬೋರ್, ಪಿಸ್ಟನ್ ಎಲ್ಲ ನನ್ನ ಕೈಯಿಂದ. ಸೋರುವ ಜಾಗ ದಿನಾ ದೊಡ್ಡದಾಗುತ್ತಾ ಹೋಗುತ್ತದೆ, ಜೆಟ್ ಇದ್ದಷ್ಟೇ ಇರುತ್ತದೆ.

ಸೀಲ್ ಆದ ಮೇಲೆ ರೀಡ್ ವಾಲ್ವ್. ಎಲೆಗಳು ಕೂರುವ ಬ್ಲಾಕ್ ಬಿಚ್ಚಿ ಟ್ಯೂಬ್ ಲೈಟಿನ ಕಡೆ ಹಿಡಿದು ನೋಡಿ. ಎಲೆಯ ಅಂಚಿನಿಂದ ಬೆಳಕು ಇಣುಕಿದರೆ, ಮೂಲೆ ಮುರಿದಿದ್ದರೆ, ನಾರು ಎದ್ದಿದ್ದರೆ ಅದು ಸರಿಯಾಗಿ ಮುಚ್ಚುತ್ತಿಲ್ಲ. ಒತ್ತಿದ ಮಿಶ್ರಣ ಕಾರ್ಬುರೇಟರಿಗೇ ವಾಪಸ್ ಉಗುಳುತ್ತದೆ. ಗಟ್ಟಿ ಎಲೆಗಳದು ಇನ್ನೊಂದು ಕಥೆ. ಅವು ಮೇಲಿನ ಆರ್‌ಪಿಎಂನಲ್ಲಿ ಪಟಪಟ ಹಾರದೆ ಇರಲಿ ಎಂದು ಮಾಡಿದ್ದು. ಕೆಳಗೆ ಎಳೆತ ಕಡಿಮೆ ಇರುವಾಗ ಅವು ಸರಿಯಾಗಿ ಬಾಯಿ ತೆರೆಯುವುದಿಲ್ಲ. ಚೀಲದಲ್ಲಿದ್ದ ಹಳೆಯ ಬ್ಲಾಕಿಗೆ ಕಂಪನಿಯ ಹೊಸ ಎಲೆ ಹಾಕಿ ಕೂರಿಸಿದೆ.

34ರ ಕಾರ್ಬುರೇಟರ್ ಕೂಡ ಇಳಿಯಿತು. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ಜೋರಾಗಿ ಚಿಮ್ಮುತ್ತದೆ, ತೆಗೆದರೆ ಕಾಲ ಬುಡಕ್ಕೆ ಬೀಳುತ್ತದೆ. ಬಾಯಿ ದೊಡ್ಡದಾದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತದೆ, ಜೆಟ್‌ನಿಂದ ಪೆಟ್ರೋಲ್ ಎಳೆಯುವ ಶಕ್ತಿ ಇರುವುದಿಲ್ಲ. 85 ಸಿಸಿಗೆ ಕಾರ್ಖಾನೆಯವರು 28 ಇಟ್ಟಿದ್ದು ಜಿಪುಣತನಕ್ಕಲ್ಲ.

ಟ್ಯೂನಿಂಗ್ ಈಗ ಮಾಡಬೇಕು, ಇದಕ್ಕೆ ಮೊದಲಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಈ ಕಾರ್ಬುರೇಟರುಗಳ ಪಕ್ಕದಲ್ಲಿ ಏರ್ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಒಳಗೆ ಮೆತ್ತಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಸ್ವಲ್ಪ ಸ್ವಲ್ಪ ತಿರುಗಿಸಿ, ಐಡಲ್ ಎಲ್ಲಿ ಜಾಸ್ತಿ ಏರುತ್ತದೋ ಅಲ್ಲಿ ನಿಲ್ಲಿಸಿ. ಆ ಜಾಗ ಒಂದು ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್, ಅಂದರೆ ಐಡಲ್‌ಗೆ ಪೆಟ್ರೋಲ್ ಕೊಡುವ ಸಣ್ಣ ಜೆಟ್, ಒಂದು ನಂಬರ್ ದೊಡ್ಡದು ಬೇಕು. ಎರಡೂವರೆ ದಾಟಿದರೆ ಸಣ್ಣದು. ಕಿವಿಯೂ ಹೇಳುತ್ತದೆ. ಥ್ರಾಟಲ್ ತಿರುಗಿಸಿದ ಕೂಡಲೇ ಉಸಿರು ಕಟ್ಟಿದ ಹಾಗೆ "ಹೂಂ" ಅಂತ ಮುಳುಗಿದರೆ ಪೆಟ್ರೋಲ್ ಕಡಿಮೆ. ಬುಳುಬುಳು ಅಂತ ಕೆಮ್ಮುತ್ತಾ ಎದ್ದರೆ ಜಾಸ್ತಿ. ಅನುಮಾನ ಇದ್ದರೆ ಚೋಕ್ ಸ್ವಲ್ಪ ಎಳೆದು ನೋಡಿ. ಗಾಡಿ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ.

ಜೆಟ್ ನಂಬರನ್ನು ಮಂಗಳೂರಿನ ಗೆಳೆಯನಿಂದ ಕೇಳಿಕೊಂಡು ಬರಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ಶೇ 8ರಿಂದ 9ರಷ್ಟು ತೆಳು. ಅಲ್ಲಿ ಸರಿಯಿದ್ದ ಜೆಟ್ ಇಲ್ಲಿ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲ್ ಜಾಸ್ತಿಯಾಗುತ್ತದೆ. ಇನ್ನೊಂದು ಕಡೆಯಿಂದ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಅದನ್ನೇ ಲೀನ್ ಕಡೆಗೆ ಎಳೆಯುತ್ತದೆ. ಹಳೆಯ ಪುಸ್ತಕದ ನಂಬರ್ ಈಗ ಬರೀ ಅಂದಾಜಿಗೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ಆದ್ದರಿಂದ ಆಯಿಲ್ ಬೆರೆಸಿ ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟ ಪೆಟ್ರೋಲ್ ಹಾಕಿಕೊಂಡು ಟ್ಯೂನಿಂಗ್ ಮಾಡಿಸಲು ಬರಬೇಡಿ. ಆಯಿಲ್ ಜಾಸ್ತಿ ಹಾಕಿದರೆ ರಿಚ್ ಆಗುತ್ತದೆ ಎಂಬ ನಂಬಿಕೆಯೂ ಉಲ್ಟಾ. ಜೆಟ್‌ನಲ್ಲಿ ಹೋಗುವ ದ್ರವ ಅಷ್ಟೇ. ಅದರಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲ್ ಅಷ್ಟು ಕಡಿಮೆ. ಪೆಟ್ರೋಲ್ 32ಕ್ಕೆ ಆಯಿಲ್ 1 ಅಂದರೆ ಲೀಟರಿಗೆ ಸುಮಾರು 31 ಎಂಎಲ್, 40ಕ್ಕೆ 1 ಅಂದರೆ 25 ಎಂಎಲ್. ಒಂದನ್ನು ಹಿಡಿದುಕೊಳ್ಳಿ, ವಾರಕ್ಕೊಂದು ಬದಲಾಯಿಸಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆದು ಕಂಪ್ರೆಷನ್ ನೋಡಿ. ಹೊಸ ರಿಂಗ್ ಹಾಕಿದಾಗ ಎಷ್ಟಿತ್ತೋ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಬಹುದು. ಸೈಲೆನ್ಸರ್ ಒಳಗಿನ ಫೈಬರ್ ಎಣ್ಣೆ ಕುಡಿದು ಒದ್ದೆಯಾಗಿದ್ದರೆ ಬದಲಾಯಿಸಿ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ, ಬಯ್ಗುಳ ಮಾತ್ರ ಕಾರ್ಬುರೇಟರಿಗೆ. ಪವರ್ ವಾಲ್ವ್, ಅಂದರೆ ಆರ್‌ಪಿಎಂಗೆ ತಕ್ಕಂತೆ ಎಕ್ಸಾಸ್ಟ್ ಪೋರ್ಟನ್ನು ಹಿಗ್ಗಿಸಿ ಕುಗ್ಗಿಸುವ ವಾಲ್ವ್, ಇರುವ ಬೈಕಾದರೆ, ಉದಾಹರಣೆಗೆ 2019ರ ನಂತರದ ಯಮಹಾ ವೈಜೆಡ್ 85, ಅದನ್ನು ಬಿಚ್ಚಿ ಕಾರ್ಬನ್ ಕೆರೆಯಿರಿ. ತೆರೆದೇ ಅಂಟಿಕೊಂಡ ವಾಲ್ವ್ ಕೆಳಗಿನ ಎಳೆತವನ್ನು ನುಂಗಿಬಿಡುತ್ತದೆ. ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತಂದರೆ, ಅಂದರೆ ಕಿಡಿ ಸ್ವಲ್ಪ ಬೇಗ ಹೊತ್ತಿಸಿದರೆ, ಕೆಳಗೆ ಸ್ವಲ್ಪ ಎಳೆತ ಸಿಗುತ್ತದೆ, ನಿಜ. ಮಕ್ಕಳ ಬೈಕಿಗೆ ನಾನು ಮಾಡಿಕೊಡುವುದಿಲ್ಲ. ನಾಕಿಂಗ್, ಅಂದರೆ ಮಿಶ್ರಣ ತಪ್ಪಾಗಿ ಸಿಡಿದು ಎಂಜಿನ್ ಕುಟ್ಟುವುದು, ಶುರುವಾದರೆ ಅವರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಸ್ಪ್ರಾಕೆಟ್. ಪಿಕಪ್ಪಿಗೆ ಕೊಡುವ ದುಡ್ಡಿನಲ್ಲಿ ಇದರಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ. ಮುಂದೆ 14, ಹಿಂದೆ 47 ಹಲ್ಲು ಇದೆ ಅಂದುಕೊಳ್ಳಿ. ಮುಂದಿನದನ್ನು 13 ಮಾಡಿದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ 8 ಜಾಸ್ತಿ, ಟಾಪ್ ಸ್ಪೀಡ್ ಅಷ್ಟೇ ಕಡಿಮೆ. ಹಿಂದೆ ಇದನ್ನೇ ಪಡೆಯಲು ಮೂರ್ನಾಲ್ಕು ಹಲ್ಲು ಸೇರಿಸಬೇಕು. ಮುಂದಿನದು ಸಣ್ಣದಾದಷ್ಟೂ ಚೈನ್ ಸ್ವಿಂಗ್‌ಆರ್ಮಿನ ರಬ್ಬರನ್ನು ಉಜ್ಜುತ್ತದೆ, ಅದನ್ನು ಆಗಾಗ ನೋಡಿ. ಇದರಿಂದ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಪೈಪ್ ಕೈ ಹಿಡಿಯುವ ಆರ್‌ಪಿಎಂಗೆ ಬೇಗ ತಲುಪುತ್ತೀರಿ, ಅಷ್ಟೇ. ಸಣ್ಣ ಟ್ರ್ಯಾಕಿಗೆ ಅದೇ ಸಾಕು.

ಮುಂದಿನ ಭಾನುವಾರ ಕೋಲಾರದ ಕಡೆಯ ಟ್ರ್ಯಾಕಿನಿಂದ ಹುಡುಗ ಫೋನ್ ಮಾಡಿದ. "ಅಂಕಲ್, ಎರಡನೇ ಗೇರಿನಲ್ಲೇ ತಿರುವು ಎದ್ದು ಬರ್ತಿದೆ" ಅಂದ. ಒಂದು ಬೆರಳು ಕ್ಲಚ್ ಮೇಲೆ ಇಟ್ಟುಕೋ, ಸ್ವಲ್ಪ ಜಾರಿಸಿದರೆ ಇನ್ನೂ ಬೇಗ ಏಳುತ್ತದೆ ಅಂದೆ. 34ರ ಕಾರ್ಬುರೇಟರನ್ನು ಅವರಪ್ಪ ಇನ್ನೂ ತೆಗೆದುಕೊಂಡು ಹೋಗಿಲ್ಲ, ನನ್ನ ಶೆಲ್ಫಿನಲ್ಲಿದೆ. ಅದನ್ನು ತಮ್ಮ ಆರ್‌ಎಕ್ಸ್ 100ಕ್ಕೆ ಹಾಕಿಕೊಡಿ ಎಂದು ಆಗಲೇ ಇಬ್ಬರು ಕೇಳಿದ್ದಾರೆ.